ಗುರುಮಲ್ಲಪ್ಪ ವಕೀಲರು ಅಳೆದ ರಸ್ತೆ

ಅಥವಾ ಚಪ್ಪಲಿ ಅವರ ಕೈಯಲ್ಲಿ ಇರಲೇ ಇಲ್ಲವೇನೋ. ಆಟೋದಲ್ಲೇ ಬಿಟ್ಟು ಇಳಿದಿರಬಹುದು. ನನ್ನ ಕಣ್ಣಿಗೆ ಕಟ್ಟಿರುವುದಂತೂ ಹೀಗೆ: ಎಪ್ಪತ್ತು ದಾಟಿದ ಒಬ್ಬ ಮನುಷ್ಯ ಕಪ್ಪು ಕೋಟು ತೊಟ್ಟು, ಎಡಗೈಯಲ್ಲಿ ಚಪ್ಪಲಿ ಹಿಡಿದು, ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತಾ, ತುಟಿ ಅಲುಗಿಸಿ ಎಣಿಸುತ್ತಾ ಡಾಂಬರು ರಸ್ತೆಯ ಮೇಲೆ ನಡೆಯುತ್ತಿದ್ದಾರೆ. ಎರಡೂ ಕಡೆಯಿಂದ ಗಾಡಿಗಳು ಹಾರ್ನ್ ಹೊಡೆಯುತ್ತಿವೆ. ಅವರು ತಲೆ ಎತ್ತುತ್ತಿಲ್ಲ. ಹಾರ್ನ್ ನಿಜವಿರಬೇಕು, ಆ ರಸ್ತೆಯೇ ಹಾಗೆ. ಕೋಟಿನ ಬಗ್ಗೆ ನನಗೆ ಅನುಮಾನ. ಅವತ್ತು ಭಾನುವಾರ. ಭಾನುವಾರ ಯಾವ ವಕೀಲರು ಕೋಟು ಹಾಕುತ್ತಾರೆ? ಕೋರ್ಟಿನಲ್ಲಿ ಕಂಡ ಗುರುಮಲ್ಲಪ್ಪನವರಿಗೂ ರಸ್ತೆಯಲ್ಲಿ ಕಂಡ ಗುರುಮಲ್ಲಪ್ಪನವರಿಗೂ ನನ್ನ ತಲೆ ಒಂದೇ ಬಟ್ಟೆ ತೊಡಿಸಿಬಿಟ್ಟಿದೆ.

ಅವರು ಚಾಮರಾಜನಗರದ ವಕೀಲರು. ನನ್ನ ಮೇಲಿದ್ದ ಮೊಕದ್ದಮೆಯನ್ನು ನಾಲ್ಕು ವರ್ಷ ಗುಂಡ್ಲುಪೇಟೆಯ ಕೋರ್ಟಿನಲ್ಲಿ ನಡೆಸಿದವರು. ಅತಿವೇಗ ಮತ್ತು ಅಜಾಗರೂಕತೆಯಿಂದ ಕಾರು ಓಡಿಸಿ ಒಬ್ಬರ ಸಾವಿಗೆ ಕಾರಣಳಾದೆ ಎಂಬುದು ನನ್ನ ಮೇಲಿನ ಆರೋಪ. ಸಾಬೀತಾದರೆ ಎರಡು ವರ್ಷದವರೆಗೆ ಜೈಲು. ಜೊತೆಗೆ ಹೈಸ್ಕೂಲಿನ ನನ್ನ ಸರ್ಕಾರಿ ಕೆಲಸವೂ ಹೋಗುತ್ತಿತ್ತು.

ದೋಷಾರೋಪ ಪಟ್ಟಿಯಲ್ಲಿ ಇರುವುದನ್ನು ಬಿಟ್ಟರೆ ನನಗೆ ನೆನಪಿರುವುದು ಕಡಿಮೆ. ನಾನು ಚಾಮರಾಜನಗರದಲ್ಲಿ ಮನೆ ಮಾಡಿಕೊಂಡು ಗುಂಡ್ಲುಪೇಟೆ ಹತ್ತಿರದ ಶಾಲೆಗೆ ದಿನಾ ಕಾರಿನಲ್ಲಿ ಹೋಗಿಬರುತ್ತಿದ್ದೆ. ಜನವರಿಯ ಒಂದು ಬೆಳಿಗ್ಗೆ, ತೆರಕಣಾಂಬಿ ದಾಟಿದ ಮೇಲೆ, ಎಡಗಡೆಯಿಂದ ಒಬ್ಬರು ರಸ್ತೆಗೆ ಬಂದರು. ನನ್ನ ಪಕ್ಕದ ಸೀಟಿನಲ್ಲಿ ಊಟದ ಚೀಲ, ಅದರೊಳಗೆ ಸಾರಿನ ಡಬ್ಬಿ. ಚೀಲ ಉರುಳಿತು. ನಾನು ಅದರ ಕಡೆ ಕೈ ಚಾಚಿದೆ. ಬ್ರೇಕ್ ಒತ್ತಿದೆ. ಕಾರು ಜಾರಿತು. ಸದ್ದಾಯಿತು. ಇವೆಲ್ಲ ನಡೆದವು, ಅದರಲ್ಲಿ ಅನುಮಾನವಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಮಾತ್ರ ನನ್ನೊಳಗೆ ದಿನಕ್ಕೊಂದು ಥರ. ಚೀಲ ಉರುಳಿತೆಂದು ನಾನು ಆ ಕಡೆ ತಿರುಗಿ, ಅಷ್ಟರಲ್ಲಿ ಆ ಮನುಷ್ಯ ಎದುರಿಗೆ ಬಂದಿದ್ದರೆ ತಪ್ಪು ಪೂರ್ತಿ ನನ್ನದು. ಅವರನ್ನು ಕಂಡು ಬ್ರೇಕ್ ಒತ್ತಿದ ರಭಸಕ್ಕೆ ಚೀಲ ಉರುಳಿದ್ದರೆ ಮಾತು ಬೇರೆ. ಅವರ ಹೆಸರು ನಂಜಪ್ಪ. ಅದೇ ಊರಿನವರು, ರಸ್ತೆಗೆ ತಾಗಿಕೊಂಡ ಹೊಲ ಅವರದು. ಮೈಸೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಯಿತು.

ನಮ್ಮ ಶಾಲೆಯ ಮುಖ್ಯೋಪಾಧ್ಯಾಯರು ಗುರುಮಲ್ಲಪ್ಪನವರ ಹತ್ತಿರ ಹೋಗಲು ಹೇಳಿದರು. ಅವರ ಆಫೀಸು ಅರಿಶಿನದ ಮಂಡಿಯೊಂದರ ಹಿಂಬದಿಯ ಕೋಣೆ. ಕಾನೂನು ಪುಸ್ತಕಗಳ ಅಂಚಿಗೆಲ್ಲ ಹಳದಿ ಪುಡಿ ಕೂತಿರುತ್ತಿತ್ತು; ಅವರು ಕೊಟ್ಟ ಕಾಗದ ಹಿಡಿದರೆ ಬೆರಳು ಹಳದಿಯಾಗುತ್ತಿತ್ತು. ಬೆಳಿಗ್ಗೆ ಹಣೆಯ ಮೇಲೆ ಮೂರು ಗೆರೆ ವಿಭೂತಿ ಇರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಎರಡು ಅಳಿಸಿ ಒಂದು ಉಳಿಯುತ್ತಿತ್ತು. ಸೈಕಲ್ಲು ಕೂಡ ಬಾರದ ಮನುಷ್ಯ. ಆದರೆ ಜೀವಮಾನವೆಲ್ಲ ವಾದಿಸಿದ್ದು ಗಾಡಿ ಓಡಿಸುವವರ ಪರವಾಗಿ. ಬಂಡೀಪುರದ ಗೇಟು ಮುಚ್ಚುವುದರೊಳಗೆ ಕಾಡು ದಾಟಿಬಿಡಬೇಕೆಂದು ತರಕಾರಿ ತುಂಬಿಕೊಂಡು ಕೇರಳದ ಕಡೆ ಓಡುವ ಡ್ರೈವರುಗಳು ಅವರ ಕಾಯಂ ಕಕ್ಷಿದಾರರು. ಗುಂಡ್ಲುಪೇಟೆಗೆ ಅವರು ಬರುತ್ತಿದ್ದುದು ಬಸ್ಸಿನಲ್ಲಿ. ಡ್ರೈವರ್ ಹಿಂದಿನ ಸೀಟೇ ಆಗಬೇಕು. ದಾರಿಯುದ್ದಕ್ಕೂ ಕತ್ತು ಚಾಚಿ ಅವನ ಬಲಗಾಲನ್ನೇ ನೋಡುತ್ತಿದ್ದರು. ಒಬ್ಬ ಡ್ರೈವರ್ ರೇಗಿ, ಏನ್ ಸ್ವಾಮಿ, ನನ್ನ ಕಾಲಿಗೆ ದೃಷ್ಟಿ ಹಾಕ್ತಿದ್ದೀರಾ ಎಂದನಂತೆ.

"ಆ ಕಾಲಿಂದ್ಲೇ ಕಣಪ್ಪ ನನ್ ಹೊಟ್ಟೆ ತುಂಬೋದು" ಎಂದರಂತೆ ಇವರು.

ಇದನ್ನು ನನಗೆ ಹೇಳಿದ್ದು ಅವರ ಗುಮಾಸ್ತ. ಗುಮಾಸ್ತ ಕಥೆ ಕಟ್ಟುವ ಆಸಾಮಿ. ಆದ್ದರಿಂದ ಇದು ನಡೆಯದೆಯೂ ಇರಬಹುದು, ಆದರೆ ಆ ಕಾಲು ನೋಡುವ ಚಾಳಿಯನ್ನು ನಾನೇ ಬಸ್ಸಿನಲ್ಲಿ ಕಂಡಿದ್ದೇನೆ.

ಮೊದಲ ದಿನ ಅವರು ಮೇಜಿನ ಮೇಲೆ ತಮ್ಮ ನಸ್ಯದ ಡಬ್ಬಿಯನ್ನಿಟ್ಟು, ಇದು ನಿನ್ನ ಕಾರು ಎಂದರು. ಕನ್ನಡಕದ ಪೆಟ್ಟಿಗೆ ಎದುರಿನಿಂದ ಬಂದ ಬಸ್ಸು. ಎದುರಿನಿಂದ ಬಸ್ಸು ಬಂದಿತ್ತೇ ಇಲ್ಲವೇ ಎಂದು ಕೇಳಿದರು. ನನಗೆ ಗೊತ್ತಿಲ್ಲವೆಂದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ, ಅವರು ಖುಷಿಯಾದಂತೆ ತಲೆಯಾಡಿಸಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು ಕಡಿಮೆ ಎಂದರು. ಆ ಧೈರ್ಯದಲ್ಲಿ ನಾನು ಊಟದ ಚೀಲದ ವಿಷಯ ಶುರುಮಾಡಿದೆ. ಚೀಲ ಎನ್ನುವ ಮಾತು ಬಾಯಿಂದ ಬಂತೋ ಇಲ್ಲವೋ, ಅವರು ಕೈ ಎತ್ತಿದರು.

"ನಿಲ್ಸು ಟೀಚರಮ್ಮ. ನೀ ಒಳಗೆ ಏನ್ ಮಾಡ್ತಿದ್ದೆ ಅಂತ ನಂಗೆ ಹೇಳ್ಬೇಡ."

ಯಾಕೆ ಎಂದೆ.

"ನೀ ಹೇಳ್ಬುಟ್ರೆ ನಂಗೂ ಗೊತ್ತಾಗ್ಬುಡ್ತದೆ. ಗೊತ್ತಿಟ್ಕಂಡು ಜಡ್ಜ್ ಮುಂದೆ ನಿಂತು ಬೇರೆ ಮಾತಾಡಕೆ ನಂಗಾಗಕಿಲ್ಲ ಕಣವ್ವ. ಮೊದ್ಲು ರಸ್ತೆ ನೋಡನ. ನೀ ಕಂಡಿದ್ದು ಆಮೇಲೆ."

ಮುಂದೆ ಎರಡು ಸಲ ನಾನು ಹೇಳಲು ಹೋದೆ. ಎರಡು ಸಲವೂ ಅದೇ ಕೈ ಮೇಲೆದ್ದಿತು. ಒಳಗೊಳಗೇ ನನಗೆ ಹಾಯೆನಿಸಿತು ಎಂಬುದನ್ನೂ ಬರೆಯಬೇಕು.

ಅವರ ಪಾದದ ಉದ್ದ ಹತ್ತು ಇಂಚು. ಅದು ಕೋರ್ಟಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಬೇರೆ ಯಾವುದೋ ಕೇಸಿನಲ್ಲಿ, ಸ್ಥಳ ಮಹಜರಿಗೆ ಸಹಿ ಹಾಕಿದ ಪಂಚನನ್ನು ರಸ್ತೆಯ ಅಗಲ ಇಪ್ಪತ್ತೆರಡು ಅಡಿ ಎಂದು ಹೇಗೆ ಅಳೆದೆ ಎಂದು ಕೇಳಿದರು. ಅವನು ಸಾಹೇಬರು ಹೇಳಿದರು ಎಂದ. ಸಾಹೇಬರು ಹೇಳಿದಾಗ ನೀನೆಲ್ಲಿದ್ದೆ ಎಂದರು. ಹೋಟೆಲಿನಲ್ಲಿ ಎಂದ. ಕೋರ್ಟು ನಕ್ಕಿತು. ಇವರು ನಗಲಿಲ್ಲ, ನಾನೇ ಹೋಗಿ ಅಳೆದೆ, ಹದಿನೆಂಟು ಎಂದರು. ಸರ್ಕಾರಿ ವಕೀಲರು ಎದ್ದು, ಹಾಗಾದರೆ ಗುರುಮಲ್ಲಪ್ಪನವರ ಪಾದವನ್ನೂ ದಾಖಲೆ ಎಂದು ಗುರುತು ಮಾಡಿಸೋಣ ಎಂದು ಹಂಗಿಸಿದರು.

"ಮಾಡ್ಕಳಿ ಸ್ವಾಮಿ. ಸಂಜೆಗೆ ವಾಪಸ್ ಕೊಟ್ಬುಡಿ, ಬಸ್ಸಿಗೆ ಹೋಗ್ಬೇಕು."

ಇದನ್ನು ನಾನು ಕಣ್ಣಾರೆ ಕಂಡೆ ಎಂದೇ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯುವಾಗ ನಾನು ಆ ಹಾಲಿನಲ್ಲಿ ಎಲ್ಲಿ ಕೂತಿದ್ದೆ ಎಂದು ಹುಡುಕಿದರೆ ನಾನು ಕಾಣುತ್ತಿಲ್ಲ.

ಇನ್ನು ರಸ್ತೆ ನೋಡಿದ ದಿನ. ಅದೇ ತಿಂಗಳು, ಅದೇ ಹೊತ್ತು ಇರಬೇಕೆಂದು ಅವರು ಮುಂದಿನ ಜನವರಿಯವರೆಗೆ ಕಾದಿದ್ದರು. ಗುಂಡ್ಲುಪೇಟೆಯಿಂದ ಆಟೋದಲ್ಲಿ ಹೋದೆವು. ನಾನು ತಲೆಯ ಮೇಲೆ ಸೆರಗು ಹೊದ್ದು ಆಟೋದೊಳಗೇ ಕೂತೆ. ಇಳಿಯಬೇಡವೆಂದು ಅವರೇ ಹೇಳಿದ್ದರು. ರಸ್ತೆಯ ಉದ್ದಕ್ಕೂ ಅಲ್ಲಲ್ಲಿ ಹುರುಳಿ ಹರವಿದ್ದರು. ಈ ಕಡೆ ಅದು ಪ್ರತಿ ವರ್ಷದ ಪದ್ಧತಿ. ಹುರುಳಿ ಕಿತ್ತ ಮೇಲೆ ಗಿಡವನ್ನು ತಂದು ಅರ್ಧ ರಸ್ತೆಗೆ ಹರವುತ್ತಾರೆ, ಹೋಗಿ ಬರುವ ಬಸ್ಸು ಲಾರಿಗಳು ಅದರ ಮೇಲೆ ಹಾದು ಒಕ್ಕಣೆ ಮಾಡಿಕೊಡುತ್ತವೆ. ಆಗಾಗ ಯಾರಾದರೂ ಬಂದು ಕವೆಗೋಲಿನಿಂದ ತಿರುವಿ ಹಾಕಿ ಹೋಗುತ್ತಾರೆ. ಉದುರಿದ ಕಾಳು ಸೊಪ್ಪಿನಡಿ ಇರುತ್ತದೆ. ಅದರ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಹಿಡಿತಕ್ಕೆ ಸಿಗುವುದಿಲ್ಲ.

ನಮ್ಮ ಕೇಸಿನ ಮಹಜರಿನಲ್ಲಿ ಹುರುಳಿಯ ಮಾತೇ ಇರಲಿಲ್ಲ. ರಸ್ತೆ ನೇರವಾಗಿದ್ದು ಯಾವುದೇ ಅಡೆತಡೆ ಇರುವುದಿಲ್ಲ ಎಂದು ಬರೆದಿತ್ತು. ಗುರುಮಲ್ಲಪ್ಪನವರು ಅಳೆದು ಮುಗಿಸಿ, ಹೊಲದ ಬದುವಿನ ಹತ್ತಿರ ನಿಂತಿದ್ದ ಇಬ್ಬರ ಜೊತೆ ಬಹಳ ಹೊತ್ತು ಮಾತಾಡಿದರು. ನನಗೆ ಏನೂ ಕೇಳಿಸಲಿಲ್ಲ. ವಾಪಸು ಬಂದು, ಅಂಗಾಲಿಗೆ ಅಂಟಿದ ಕಾಳುಗಳನ್ನು ಬೆರಳಿನಿಂದ ಬಿಡಿಸಿ ನನ್ನ ಅಂಗೈಗೆ ಹಾಕಿದರು.

"ಹುಳ್ಳಿ ಇತ್ತು ಕಣವ್ವ. ಅವತ್ತೂ ಇತ್ತು."

ಯಾರು ಹೇಳಿದರು ಎಂದೆ. ಅವರು ಆಟೋದವನಿಗೆ ನಡಿ ಎಂದರು.

ಅವತ್ತಿನವರೆಗೆ ನನ್ನ ನೆನಪಿನಲ್ಲಿ ಹುರುಳಿ ಇರಲಿಲ್ಲ. ಅವತ್ತಿನಿಂದ ಇದೆ. ಚಕ್ರದಡಿ ಚಟಚಟ ಎನ್ನುವ ಸದ್ದಿದೆ, ಒಣ ಸೊಪ್ಪಿನ ವಾಸನೆ ಕಿಟಕಿಯೊಳಗೆ ಬರುತ್ತದೆ, ಸ್ಟೀರಿಂಗ್ ನನ್ನ ಕೈಯಲ್ಲಿ ಹಗುರಾಗುತ್ತದೆ. ಆದರೆ ಎಷ್ಟೋ ಜನವರಿಗಳಲ್ಲಿ ನಾನು ಅದೇ ರಸ್ತೆಯಲ್ಲಿ ಹುರುಳಿಯ ಮೇಲೆ ಕಾರು ಓಡಿಸಿದ್ದೇನೆ. ಈ ಸದ್ದು ಯಾವ ದಿನದ್ದು? ಮುಂದೆ ನ್ಯಾಯಾಧೀಶರು ನನ್ನ ಹೇಳಿಕೆ ಕೇಳಿದಾಗ, ರಸ್ತೆಯಲ್ಲಿ ಹುರುಳಿ ಇತ್ತು, ಕಾರು ಜಾರಿತು ಎಂದೆ. ಆರೋಪಿಯ ಆ ಹೇಳಿಕೆಗೆ ಪ್ರಮಾಣ ಮಾಡಿಸುವುದಿಲ್ಲ. ಮಾಡಿಸಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

ನಂಜಪ್ಪನವರ ಹೆಂಡತಿ ಚಿಕ್ಕತಾಯಮ್ಮ. ಅವರನ್ನು ನಾನು ಮೊದಲು ಕಂಡದ್ದು ಕೋರ್ಟಿನ ವರಾಂಡದಲ್ಲಿ, ಯಾವುದೋ ವಾಯಿದೆಯ ದಿನ. ಅವರೆಂದು ನನಗೆ ಗೊತ್ತಿರಲಿಲ್ಲ, ಅವರಿಗೂ ನಾನು ಯಾರೆಂದು ಗೊತ್ತಿರಲಿಲ್ಲ. ನಾನು ನಿಂತೇ ಇರುವುದನ್ನು ನೋಡಿ ಬೆಂಚಿನ ಮೇಲೆ ಸರಿದು, ಕೂತ್ಕಳವ್ವ, ಕರಿಯೋದು ಎಷ್ಟೊತ್ತಾಯ್ತದೋ ಎಂದರು. ಕೂತೆ. ಯಾವ ಕೇಸು ಎಂದು ಕೇಳಿದರು. ನಾನು ಜಮೀನಿನದು ಎಂದೆ. ಹೀಗೇಕೆ ಹೇಳಿದೆನೋ. ಸ್ವಲ್ಪ ಹೊತ್ತಿಗೆ ಅಟೆಂಡರ್ ಬಾಗಿಲಿಗೆ ಬಂದು ನನ್ನ ಹೆಸರು ಕೂಗಿದ. ನಾನು ಎದ್ದೆ. ಅವರು ನನ್ನನ್ನು ನೋಡಿದರು. ನಾನು ಕೂತಿದ್ದ ಜಾಗದ ಮೇಲೆ ತಮ್ಮ ಕೈಚೀಲ ಎತ್ತಿಟ್ಟುಕೊಂಡರು.

ಇದನ್ನು ಗುರುಮಲ್ಲಪ್ಪನವರಿಗೆ ಹೇಳಿದೆ. ಅವರು ನಸ್ಯ ಏರಿಸಿ, ಸುಳ್ಳು ಹೇಳೋದ ನಂಗೆ ಬುಡು, ಅದು ನನ್ ಕೆಲಸ ಎಂದರು. ತಮಾಷೆಯೋ ಗದರಿಕೆಯೋ ತಿಳಿಯಲಿಲ್ಲ.

ಚಿಕ್ಕತಾಯಮ್ಮನ ಸಾಕ್ಷಿ ಬಂದದ್ದು ಮೂರನೆಯ ವರ್ಷ. ಅದಕ್ಕೆ ಮೊದಲು ಕಟಕಟೆ ಹತ್ತಿದ ಊರಿನವರು, ಕಾರು ಜೋರಾಗಿ ಬಂತು, ಗುದ್ದಿತು ಎಂದು ಒಂದೇ ಬಾಯಲ್ಲಿ ಹೇಳಿ ಹೋಗಿದ್ದರು. ಹುರುಳಿಯ ಮಾತು ಕೇಳಿದರೆ ಇಲ್ಲವೇ ಇಲ್ಲ ಎಂದಿದ್ದರು. ಬದುವಿನ ಹತ್ತಿರ ಮಾತಾಡಿದ ಇಬ್ಬರು ಕೋರ್ಟಿನ ಕಡೆ ತಲೆ ಹಾಕಲಿಲ್ಲ. ಈಕೆಯೂ ಇಲ್ಲವೆಂದರೆ ನನ್ನ ಕಥೆ ಮುಗಿಯಿತು ಎಂದು ಗುರುಮಲ್ಲಪ್ಪನವರು ಬಸ್ಸಿನಲ್ಲೇ ಹೇಳಿದ್ದರು. ಚಿಕ್ಕತಾಯಮ್ಮ ಹೊಲದಲ್ಲಿದ್ದೆ, ಸದ್ದು ಕೇಳಿ ಓಡಿಬಂದೆ ಎಂದು ಸರ್ಕಾರಿ ವಕೀಲರ ಮುಂದೆ ಹೇಳಿದರು. ಆಮೇಲೆ ಪಾಟೀಸವಾಲಿಗೆ ಗುರುಮಲ್ಲಪ್ಪನವರು ಎದ್ದರು. ಯಾವಾಗಲೂ ಸಾಕ್ಷಿಯ ಹತ್ತಿರ ಹೋಗಿ ನಿಲ್ಲುವವರು ಅವತ್ತು ಮೇಜು ಬಿಟ್ಟು ಅಲುಗಲಿಲ್ಲ.

"ಅವತ್ತು ರೋಡ್ ಮೇಲೆ ಹುಳ್ಳಿ ಹರವಿದ್ರಾ ತಾಯಿ?"

ಸರ್ಕಾರಿ ವಕೀಲರು ಆಕ್ಷೇಪಣೆ ಎನ್ನುತ್ತಾ ಎದ್ದರು. ಅಷ್ಟರಲ್ಲಿ ಉತ್ತರ ಬಂದಾಗಿತ್ತು.

"ಉಳ್ಳಿ ನಮ್ದೆ ಸ್ವಾಮಿ. ಅವ್ರು ತಿರುವಾಕಕೆ ಓಗಿದ್ರು."

"ಪೊಲೀಸ್ನೋರು ಬಂದಾಗ ಇರ್ನಿಲ್ವಲ್ಲ?"

"ಗುಡುಸ್ಬುಟ್ಟೊ. ಉಳ್ಳಿ ಕಂಡ್ರೆ ನಮ್ ಮೇಲೇ ಕೇಸಾಯ್ತದೆ ಅಂದ್ರು ಊರೋರು."

"ಯಾರು ಗುಡ್ಸುದ್ರು?"

ಆಕೆ ಕಟಕಟೆಯ ಮರವನ್ನು ಹಿಡಿದುಕೊಂಡರು. ಗುರುಮಲ್ಲಪ್ಪನವರು ಕಾಗದ ನೋಡುತ್ತಿದ್ದರು.

"ನಾನೇ. ಅವುರ್ನ ಯಾರ್ದೋ ಗಾಡೀಲಿ ಆಕ್ಕಂಡು ಓದ್ರು. ನಾ ಜೊತ್ಗೆ ಓಗ್ನಿಲ್ಲ. ಉಳ್ಳಿ ಗುಡುಸ್ತಿದ್ದೆ."

ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಹೇಳಿ ಬರೆಸಿದರು: ರಸ್ತೆಯಲ್ಲಿದ್ದ ಹುರುಳಿಯನ್ನು ಪೊಲೀಸರು ಬರುವ ಮೊದಲು ನಾನೇ ಗುಡಿಸಿದೆ ಎಂದರೆ ನಿಜ. ಜೊತೆಗೆ ಹೋಗಲಿಲ್ಲ ಎಂಬ ಮಾತನ್ನು ಬರೆಸಲಿಲ್ಲ. ಕೇಸಿಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ. ನಾನು ಆಮೇಲೆ ಆ ಸಾಕ್ಷ್ಯದ ನಕಲು ತೆಗೆಸಿ ಓದಿದೆ. ಕೋರ್ಟಿನ ಪ್ರಕಾರ ಆಕೆ ಆ ಮಾತು ಆಡಿಲ್ಲ.

ಹೊರಗೆ ಬಂದು ಗುರುಮಲ್ಲಪ್ಪನವರು ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತರು. ಗುಮಾಸ್ತ ತಂದ ಟೀ ಆರಿಹೋಯಿತು. ಗೆದ್ದಂತಾಯಿತೇ ಸಾರ್ ಎಂದು ನಾನು ಕೇಳಿದೆ. ಕೇಳಬಾರದಿತ್ತು.

"ಎರಡು ಪ್ರಶ್ನೆ ಸಾಕಾಗಿತ್ತು ಕಣವ್ವ. ಹುಳ್ಳಿ ಇತ್ತು, ಗುಡ್ಸುದ್ರು, ಅಷ್ಟೇ ಬೇಕಾಗಿದ್ದು. ಮೂರ್ನೇದು ನನ್ ಚಟ."

ತೀರ್ಪು ಬರುವುದಕ್ಕೆ ಇನ್ನೊಂದು ವರ್ಷ ಹಿಡಿಯಿತು. ಸಂಶಯದ ಲಾಭವನ್ನು ಆರೋಪಿಗೆ ನೀಡಿ ಬಿಡುಗಡೆ ಮಾಡಲಾಗಿದೆ ಎಂದು ಓದಿದರು. ಚಿಕ್ಕತಾಯಮ್ಮ ಅವತ್ತು ಬಂದಿರಲಿಲ್ಲ. ಅಪಘಾತದ ದಿನ ರಸ್ತೆಗೆ ಹುರುಳಿ ಹರವಿ, ಗಂಡನನ್ನು ತಿರುವಿ ಹಾಕಲು ಕಳಿಸಿದ್ದೇ ಆಕೆಯೆಂದು ಊರಲ್ಲಿ ಆಡಿಕೊಳ್ಳುತ್ತಾರೆ, ನೆಂಟರು ಮಾತು ಬಿಟ್ಟಿದ್ದಾರೆ ಎಂದು ಗುಮಾಸ್ತ ಹೇಳಿದ. ಇದೂ ಅವನು ಕಟ್ಟಿದ್ದಿರಲಿ ಎಂದು ಆಶಿಸಿದೆ. ಗುರುಮಲ್ಲಪ್ಪನವರು ನನ್ನ ಕಡೆ ತಿರುಗಿ, ನಡಿ, ಸ್ಕೂಲಿಗೆ ಹೊತ್ತಾಯ್ತದೆ ಎಂದರು. ಹೋದೆ. ಮೂರನೆಯ ಪೀರಿಯಡ್ಡಿಗೆ ಮುಟ್ಟಿದೆ.

ನಾನು ಈಗಲೂ ಅದೇ ಕಾರು ಓಡಿಸುತ್ತೇನೆ. ಬಸ್ಸಿನ ಹೊತ್ತು ಶಾಲೆಯ ಹೊತ್ತಿಗೆ ಹೊಂದುವುದಿಲ್ಲ. ಹೋದ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಎದುರು ಗುರುಮಲ್ಲಪ್ಪನವರು ಬಿಸಿಲಿನಲ್ಲಿ ನಿಂತಿದ್ದರು. ಬಹಳ ಇಳಿದುಹೋಗಿದ್ದರು. ಕೋರ್ಟಿಗೆ ಬರುವುದು ಹೆಚ್ಚುಕಡಿಮೆ ನಿಂತೇಹೋಗಿತ್ತು. ಬನ್ನಿ ಸಾರ್, ನಾನೂ ಚಾಮರಾಜನಗರಕ್ಕೇ ಎಂದೆ. ಹಿಂದಿನ ಬಾಗಿಲಿಗೆ ಕೈ ಹಾಕಿದವರು ಏನೋ ಯೋಚಿಸಿ ಮುಂದೆ ಬಂದು ನನ್ನ ಪಕ್ಕ ಕೂತರು. ಆ ಜಾಗ ಹತ್ತಿರವಾಗುತ್ತಿದ್ದಂತೆ ನನ್ನ ಕಾಲು ತಾನಾಗಿ ವೇಗ ಕಡಿಮೆ ಮಾಡಿತು. ಬೇಸಿಗೆ, ರಸ್ತೆ ಖಾಲಿ ಇತ್ತು.

"ಆವಮ್ಮ ಅವತ್ತು ಸುಳ್ಳು ಹೇಳ್ಬುಟ್ಟಿದ್ರೆ ನಂಗೊಂದಿಷ್ಟು ನಿದ್ದೆ ಬರ್ತಿತ್ತು" ಎಂದರು, ಕಿಟಕಿಯ ಕಡೆ ಮುಖ ಮಾಡಿ.

ಆಗ ನಾನು ಹೇಳಿದೆ. ಚೀಲ ಉರುಳಿದ್ದು, ಕೈ ಚಾಚಿದ್ದು, ಬ್ರೇಕ್ ಒತ್ತಿದ್ದು, ಯಾವುದು ಮೊದಲೋ ತಿಳಿಯದೆ ಇಷ್ಟು ವರ್ಷ ಕಳೆದದ್ದು. ಈ ಸಲ ಅವರ ಕೈ ಮೇಲೇಳಲಿಲ್ಲ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸಾಕ್ಷಿಯನ್ನು ಕೇಳುವ ದನಿಯಲ್ಲಿ ಕೇಳಿದರು.

"ಡಬ್ಬಿ ಮುಚ್ಚಳ ಬಿಚ್ಚೋಗಿತ್ತಾ?"

"ಹೂಂ ಸಾರ್. ಸಾರು ಚೆಲ್ಲಿತ್ತು."

"ಎಲ್ಲಿ? ಸೀಟ್ ಮೇಲೋ, ಕೆಳ್ಗೆ ಕಾಲಿಡೋ ಜಾಗದಲ್ಲೋ?"

ಅವರು ಕೇಳುತ್ತಿರುವುದು ಏನೆಂದು ನನಗೆ ತಕ್ಷಣ ಅರ್ಥವಾಯಿತು. ಬ್ರೇಕಿನ ರಭಸಕ್ಕಾದರೆ ಚೀಲ ಮುಂದಕ್ಕೆ ಹಾರಿ ಕೆಳಗೆ ಬೀಳುತ್ತದೆ, ಸಾರು ಕೆಳಗೆ ಚೆಲ್ಲುತ್ತದೆ. ಅದಕ್ಕೂ ಮೊದಲೇ ತಾನಾಗಿ ಮಗುಚಿಕೊಂಡಿದ್ದರೆ ಸೀಟಿನ ಮೇಲೆ. ನಾಲ್ಕು ವರ್ಷ ಕೇಸು ನಡೆಯಿತು, ಇಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ಅವರು ತಾವು ಕೂತಿದ್ದ ಸೀಟಿನ ಅಂಚನ್ನು ಅಂಗೈಯಿಂದ ಸವರಿದರು.

"ತೊಳೆದುಬಿಟ್ಟೆ ಸಾರ್. ಸ್ಟೇಷನ್ನಿಂದ ಕಾರು ಬಿಡಿಸ್ಕೊಂಡು ಬಂದ ದಿನಾನೇ. ವಾಸನೆ ಬರ್ತಿತ್ತು."

"ಯಾವ ಜಾಗ ಉಜ್ಜಿದ್ದು? ನೆಪ್ಪದಾ?"

"ಎಲ್ಲಾ ಕಡೆ ಉಜ್ಜಿದೆ."

ಹ್ಞೂ ಎಂದರು. ಮಂಡಿಯ ಬೀದಿಯಲ್ಲಿ ಇಳಿದು, ಬಾಗಿಲನ್ನು ಎರಡು ಸಲ ಹಾಕಿ ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ಹೋದರು. ಆಷಾಢದಲ್ಲಿ ತೀರಿಕೊಂಡರು. ನನಗೆ ಗೊತ್ತಾಗುವ ಹೊತ್ತಿಗೆ ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಅವರ ಕೋಣೆಯಲ್ಲಿ ಈಗ ಅರಿಶಿನದ ಮೂಟೆಗಳಿವೆ.

ತೊಳೆದ ದಿನ ನನಗೆ ಚೆನ್ನಾಗಿ ನೆನಪಿದೆ. ನೀಲಿ ಬಕೆಟ್ಟು, ಬಟ್ಟೆ ಒಗೆಯುವ ಬ್ರಷ್ಷು, ಸೋಪಿನ ನೊರೆ ಮೊಣಕೈಯವರೆಗೆ. ಎರಡು ಸಲ ನೀರು ಬದಲಾಯಿಸಿದೆ. ನೀರಿನ ಮೇಲೆ ಒಂದು ಕರಿಬೇವಿನ ಎಲೆ ತೇಲುತ್ತಿತ್ತು. ಆ ಎಲೆಯನ್ನು ನಾನು ಸೀಟಿನ ಮೇಲಿಂದ ಕಿತ್ತೆನೋ, ಕೆಳಗಿಂದ ಕಿತ್ತೆನೋ, ನನಗೆ ಗೊತ್ತಿಲ್ಲ.